ಕಿಟಕಿಗೆ ಹಾಕಿದ ಕೆಂಪು ಕೌದಿ

ವಾಲ್‌ಬೋನಾ,
1931 ಮೇ 6, ಬುಧವಾರ

ನನ್ನ ಎರ್ಸಿಲಿಯಾಗೆ ಅಮ್ಮ ಬರೆಯುವುದು,

ವಕೀಲರ ಮನೆಯ ಒಲೆ ಮುಂದೆ ನಿಂತು ಇದನ್ನು ಓದಬೇಡ, ಕೂತು ಓದು. ನಿನ್ನ ಮಗ ಎಲ್ವಿನೋನನ್ನು ಹಿಡಿದುಕೊಂಡು ಹೋಗಿದ್ದಾರೆ. ಶನಿವಾರ ಗಡಿಪಾರಾದವರ ದ್ವೀಪಕ್ಕೆ ಸಾಗಿಸುತ್ತಾರಂತೆ, ಐದು ವರ್ಷಕ್ಕೆ. ಅವನ ಎದೆ ಎಂಥದ್ದೆಂದು ನಿನಗೆ ಗೊತ್ತು, ಒಂದು ಚಳಿಗಾಲವನ್ನೂ ತಾಳದು.

ತಪ್ಪು ನನ್ನದು. ಶುಕ್ರವಾರ ಬಿಸಿಲು ಚೆನ್ನಾಗಿತ್ತು, ಹಾಸಿಗೆ ಒಣಹಾಕುವ ಕಾಲ ಬೇರೆ. ನನ್ನ ಮದುವೆಯ ಕೆಂಪು ಕೌದಿಯನ್ನು ಮೇಲಿನ ಕಿಟಕಿಯಿಂದ ಇಳಿಬಿಟ್ಟೆ. ಅಂದು ಮೇ ಒಂದು ಎನ್ನುವುದು ಮರೆತೇ ಹೋಗಿತ್ತು. ಕೂಲಿಯವರ ಆ ಕೆಂಪು ಬಾವುಟದ ಹಬ್ಬವನ್ನು ಈ ಕರಿಯಂಗಿ ಸರ್ಕಾರದವರು ನಿಲ್ಲಿಸಿ ಎಷ್ಟು ವರ್ಷವಾಯಿತು, ನೆನಪಿಡುವವರು ಯಾರು? ಸೆಣಬಿನ ಹೊಲದಲ್ಲಿ ಕಳೆ ಕೀಳುತ್ತಿದ್ದ ಹೆಂಗಸರು ನೋಡಿದರು. ಒಬ್ಬೊಬ್ಬರಾಗಿ ಸೊಂಟ ನೆಟ್ಟಗೆ ಮಾಡಿ ನಿಂತರು. ಯಾರೋ ಒಬ್ಬಳು ಆ ಹಬ್ಬದ ಹಳೆಯ ಹಾಡನ್ನು ಗುನುಗಿದಳಂತೆ. ಅರ್ಧ ಗಂಟೆಯಲ್ಲಿ ಕರಿಯಂಗಿಯವರು ನಮ್ಮ ಅಂಗಳದಲ್ಲಿದ್ದರು.

"ಯಾರು ಕಟ್ಟಿದ್ದು ಈ ಬಾವುಟ?" ಎಂದು ಅವರ ಮುಖಂಡ ಬಂದಿನಿ ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಎಲ್ವಿನೋ "ನಾನೇ" ಅಂದುಬಿಟ್ಟ.

ಠಾಣೆಗೆ ಮೂರು ಸಲ ಹೋದೆ. "ಒಣಗೋಕೆ ಹಾಕಿದ್ದು ನಾನು ಸಾಹೇಬ್ರೇ, ದಿನ ಮರ್ತಿತ್ತು" ಅಂದೆ. ಅಧಿಕಾರಿ ನಕ್ಕ. "ಮರ್ತೋರನ್ನ ದ್ವೀಪಕ್ಕೆ ಕಳ್ಸೋಕಾಗಲ್ಲ ಅಜ್ಜಿ. ನಮಗೆ ಬೇಕಾದೋನು ಸಿಕ್ಕಿದಾನೆ. ಹೋಗಿ ಕೋಳಿಗೆ ಕಾಳು ಹಾಕು" ಅಂದ. ಪಕ್ಕದಲ್ಲಿ ಕೂತಿದ್ದ ಬಂದಿನಿ, "ನಿನ್ನ ಗಂಡನಿಗೆ ಹಿಡಿದು ಕುಡ್ಸಿದ ಹರಳೆಣ್ಣೆ ಇನ್ನೂ ಅರ್ಧ ಶೀಷೆ ಉಳಿದಿದೆ ಮುದುಕಿ" ಅಂದ. "ನೀನೇ ಕುಡಿ, ತಲೇಲಿರೋದೆಲ್ಲ ಇಳಿದು ಹೋಗುತ್ತೆ" ಅಂದೆ. ಅದಕ್ಕೂ ನನ್ನನ್ನು ಹಿಡಿಯಲಿಲ್ಲ, ಹೊರಗೆ ದಬ್ಬಿದರು.

ಹುಡುಗ ಕ್ಷಮಾಪಣೆ ಬರೆದುಕೊಡಲಿ ಎನ್ನುತ್ತಾರೆ ಪಾದ್ರಿ. ಅವನು ಒಪ್ಪುತ್ತಿಲ್ಲ. ಒಮ್ಮೆ ಹಿಂದೆ ಸರಿದರೆ, ಹಾಗಾದರೆ ಕಟ್ಟಿದವರು ಯಾರು ಎಂದು ಮತ್ತೆ ಮನೆಗೆ ಬರುತ್ತಾರೆಂದು ಅವನ ಹೆದರಿಕೆ.

ನಿನ್ನ ವಕೀಲರ ಕಾಲು ಹಿಡಿ ಮಗಳೇ. ಇಷ್ಟು ವರ್ಷ ಅವರಿಗೆ ಅಡುಗೆ ಮಾಡಿ ಹಾಕಿದ್ದೀಯ, ಒಂದು ದಿನ ಅವರು ಬಾಯಿ ಬಿಡಲಿ. ನನ್ನನ್ನು ಆಮೇಲೆ ಬೈಯುವೆಯಂತೆ.

ನಿನ್ನನ್ನು ಹೆತ್ತು, ನಿನ್ನ ಮಗನನ್ನು ಕಾಯಲಾರದೆ ಹೋದ
ಅಮ್ಮ

ಕಾಗದ ಮಡಿಸುವ ಮುನ್ನ: ಮರೆತಿದ್ದೆ ಎಂದು ಮೇಲೆ ಬರೆದದ್ದು ಸುಳ್ಳು. ಬೆಳಿಗ್ಗೆ ಎದ್ದಾಗಲೇ ದಿನ ಯಾವುದೆಂದು ಗೊತ್ತಿತ್ತು. ನಿನ್ನಪ್ಪ ಹೋದ ಮೇಲೆ ಒಂಬತ್ತು ವರ್ಷ ಸುಮ್ಮನಿದ್ದೆ, ಅವತ್ತು ಆಗಲಿಲ್ಲ. ಎಲ್ವಿನೋಗೆ ಏನೂ ಗೊತ್ತಿರಲಿಲ್ಲ, ಕೊಟ್ಟಿಗೆಯಲ್ಲಿದ್ದ. ಠಾಣೆಯಲ್ಲಿ ಬಂದಿನಿಯನ್ನು ಬೈಯಲು ಬಂದ ನಾಲಿಗೆ ಇದನ್ನು ಹೇಳಲು ಮೂರು ಸಲವೂ ಹೆದರಿತು. ಈ ಸಾಲುಗಳನ್ನು ವಕೀಲರಿಗೆ ತೋರಿಸು, ಶನಿವಾರದೊಳಗೆ. ಹೆಸರು ಪೂರ್ತಿ ಬರೆಯುತ್ತೇನೆ: ಆರ್ಜಿಯಾ ಮಾಲಗೂತಿ, ಎಪ್ಪತ್ತೊಂದು ವರ್ಷ. ಬಾವುಟ ಕಟ್ಟಿದವಳು.