ಚಹಾ ಕೊಟ್ಟ ಹೊತ್ತಿನ ಫೋಟೋಗಳು

ಪೆನಾಂಗ್, ಮಂಗಳವಾರ

ಪ್ರೀತಿಯ ಹುಯ್ ಶಾನ್,

ಲಂಕಾವಿಯಲ್ಲಿ ನಾನು ತೆಗೆದ ನಿನ್ನ ಮದುವೆಯ ಫೋಟೋಗಳನ್ನು ಕಳಿಸಿದ್ದೇನೆ. ಸಮುದ್ರದ ಬೆಳಕಿನಲ್ಲಿ ನಿನ್ನ ಕೆಂಪು ಉಡುಪು ಚೆನ್ನಾಗಿ ಬಂದಿದೆ. ನಮ್ಮ ಚೀನೀ ಪದ್ಧತಿಯಂತೆ ಹಿರಿಯರಿಗೆ ಚಹಾ ಕೊಡುವ ಫೋಟೋಗಳಲ್ಲಿ ಮಾತ್ರ ಅಮ್ಮನ ಪಕ್ಕದ ನನ್ನ ಕುರ್ಚಿ ಖಾಲಿಯಿದೆ. ಬೇರೆ ಫೋಟೋಗ್ರಾಫರ್ ಬೇಡವೆಂದು ನಾನು ಹಟ ಹಿಡಿದದ್ದು ಅದಕ್ಕೇ. ಸ್ಕಾಟ್ಲೆಂಡಿನ ಹುಡುಗನ ಕೈಯಿಂದ ಚಹಾ ಕುಡಿದರೆ ಅಳಿಯನೆಂದು ಒಪ್ಪಿದಂತಾಗುತ್ತಿತ್ತು.

ಫರ್ಗಸ್ ಮಂಡಿಯೂರಿ, ನಮ್ಮ ಹೊಕಿಯೆನ್ ಮಾತಿನಲ್ಲೇ, "ಅಪ್ಪಾ, ಚಹಾ ತಗೊಳ್ಳಿ" ಎಂದ.

"ಅಲ್ಲಾಡಬೇಡಪ್ಪಾ, ಕ್ಯಾಮೆರಾ ನೋಡು" ಎಂದೆ ನಾನು.

ಆ ಫೋಟೋದಲ್ಲಿ ಅವನ ಕೈ ಮಸುಕಾಗಿದೆ. ಬಟ್ಟಲನ್ನು ಇನ್ನೂ ನನ್ನತ್ತ ಚಾಚಿಯೇ ಇದ್ದ.

ಹೊಸ ವರ್ಷಕ್ಕೆ ಇಬ್ಬರೂ ಮನೆಗೆ ಬನ್ನಿ. ನಾನು ಅಮ್ಮನ ಪಕ್ಕದಲ್ಲೇ ಕುಳಿತಿರುತ್ತೇನೆ. ಚಹಾ ಕೊಡುವಾಗಿನ ಆ ಮಾತನ್ನು ಫರ್ಗಸ್ ಮತ್ತೆ ಕಲಿತು ಬರಬೇಕಾಗಿಲ್ಲ ಎಂದು ಹೇಳು. ಅವತ್ತೇ ಸರಿಯಾಗಿ ಹೇಳಿದ್ದ.

ನಿನ್ನ ಅಪ್ಪ