ನಲ್ಲಿಯ ವಾಷರ್ ರೇಡಿಯೊದೊಳಗಿದೆ

ರೀ,

ಬಚ್ಚಲ ನಲ್ಲಿ ತೊಟ್ಟಿಕ್ಕುತ್ತಿದೆಯೆಂದು ಪ್ಲಂಬರನನ್ನು ಕರೆಯಬೇಡಿ. ನೀವು ಸುಧಾರಿಸಲು ಹೋಗಿ ಕೆಡಿಸಿದ, ದೂರದೂರಿನವರೊಡನೆ ಮಾತಾಡುವ ನಿಮ್ಮ ಹ್ಯಾಮ್ ರೇಡಿಯೊಗೆ ಆ ನಲ್ಲಿಯ ವಾಷರನ್ನೇ ಹಾಕಿದ್ದೇನೆ. ಅದಕ್ಕೆ ತಂತಿ ಸುತ್ತಿ, ಹೊಸ ಸುರುಳಿ ಮಾಡಿ ಬೆಸುಗೆ ಹಾಕಿದೆ. ಇನ್ನು ರೇಡಿಯೊ ಮುಟ್ಟಬೇಡಿ.

ಪರೀಕ್ಷೆಗೆಂದು ಅದರಲ್ಲಿ ಕರೆದರೆ ವಿಶಾಖಪಟ್ಟಣದಿಂದ ಓಗೊಟ್ಟವನು ನಿಮ್ಮ ತಮ್ಮ ಭಾನುಮೂರ್ತಿ. ಮನೆ ಪಾಲಾದ ಮೇಲೆ ನಿಮ್ಮ ಫೋನು ಎತ್ತದವನು, ರೇಡಿಯೊದಲ್ಲಿ ಮಾತ್ರ ನಿಮ್ಮೊಡನೆ ಮಳೆ ಬಿಸಿಲಿನ ಮಾತಾಡುವವನು.

"ಅತ್ತಿಗೆ, ವಾರದಿಂದ ಅಣ್ಣನ ದನಿನೇ ಇಲ್ಲ. ಹುಷಾರಾಗಿದ್ದಾನಾ?" ಅಂದ.

"ನೀನೇ ಬಂದು ನೋಡ್ಕೊಂಡು ಹೋಗಪ್ಪ" ಅಂದೆ.

ನಾಳೆ ಊಟಕ್ಕೆ ಬರುತ್ತಾನೆ. ನಾನು ಶಾಲೆಯಿಂದ ಬರುವಷ್ಟರಲ್ಲಿ ಗೋಂಗೂರ ಸೊಪ್ಪು ತಂದಿಡಿ. ಎದುರೆದುರು ಕೂತಾಗ ಮಾತು ಹೊರಡದಿದ್ದರೆ ಇಬ್ಬರೂ ಮೈಕು ಹಿಡಿದು ಬೇರೆ ಬೇರೆ ಕೋಣೆ ಸೇರಿಕೊಳ್ಳಿ.

ಹೈಮಾ