ಉಲ್ಟಾ ಅಂಗಿಯ ಹಾಲೇಶಜ್ಜನಿಗೆ

ದಾವಣಗೆರೆ,
ಕ್ರಿ.ಶ. 2291, ಫೆಬ್ರವರಿ ಮೂವತ್ತು

ಪೂಜ್ಯ ಹಾಲೇಶಜ್ಜನವರಿಗೆ ಶಿವಗಂಗಾ ಮಾಡುವ ಶರಣು ಶರಣಾರ್ಥಿ.

ನಿಮಗಿನ್ನೂ ಮದುವೆಯಾಗಿಲ್ಲ, ತಲೆಯಲ್ಲಿ ಒಂದು ಬಿಳಿಕೂದಲೂ ಇಲ್ಲ. ಅಜ್ಜ ಎಂದದ್ದಕ್ಕೆ ಸಿಟ್ಟಾಗಬೇಡಿ. ಇಲ್ಲಿ ನಾವೆಲ್ಲ ನಿಮ್ಮನ್ನು ಕರೆಯುವುದೇ ಹಾಗೆ. ತಾರೀಖು ನೋಡಿ ಯಾರೋ ಗೆಳೆಯರ ಕುಚೇಷ್ಟೆ ಎಂದು ಕಾಗದ ಹರಿಯಲೂಬೇಡಿ. ಫೆಬ್ರವರಿಗೆ ಮೊದಲಿನಿಂದಲೂ ಅನ್ಯಾಯವಾಗಿದೆ ಎಂದು ನಮ್ಮ ಹಿಂದಿನವರು ಧರಣಿ ಕೂತು, ಮೆರವಣಿಗೆ ಮಾಡಿ, ಅದಕ್ಕೂ ಮೂವತ್ತು ದಿನ ಕೊಡಿಸಿದರು. ಇದು ನಿಮಗೆ ಮುಟ್ಟುವುದು ಹಿಂದೋಲೆಯಲ್ಲಿ, ಅಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆಯಲ್ಲಿ. ಶತಮಾನಗಳನ್ನೇ ದಾಟುವ ಅಂಚೆಯಾದರೂ ತಡವಾಗಿ ತಲುಪುವ ಚಾಳಿಯನ್ನು ಅದು ಬಿಟ್ಟಿಲ್ಲ. ಹಾಗಾಗಿ ಸಾಕಷ್ಟು ಮುಂಚೆಯೇ ಹಾಕುತ್ತಿದ್ದೇನೆ. ನನ್ನ ಮಾತು ಅಲ್ಲಲ್ಲಿ ವಿಚಿತ್ರ ಅನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ.

ನೀವು ಆಂಬುಲೆನ್ಸಿನಲ್ಲಿ ರೋಗಿಯ ಪಕ್ಕ ಕೂತು ಜೀವ ಹಿಡಿದುಕೊಂಡು ಬರುವವರು. ನಾನೂ ಅದೇ ಕೆಲಸದವಳು, ಆದರೆ ನಮ್ಮ ಗಾಡಿ ಹಾರುತ್ತದೆ. ಅದರೊಳಗೆ ನಾಡಿಗ ಎಂಬ ಯಂತ್ರವಿದೆ. ನಾಡಿ ನೋಡುವುದು, ಸೂಜಿ ಚುಚ್ಚುವುದು, ಉಸಿರು ಕೊಡುವುದು, ಸಮಾಧಾನ ಹೇಳುವುದು ಎಲ್ಲ ಅದರದೇ. ಹಾಗಾದರೆ ನೀನೇನು ಮಾಡುತ್ತೀ ತಾಯಿ ಎಂದು ಕೇಳುತ್ತೀರಿ. ನಾನು ಅರೆಗೆಲಸ ಮಾಡುತ್ತೇನೆ. ರೋಗಿ ಬೀಳುವ ಹೊತ್ತಿಗೆ ಯಾವ ಕೆಲಸ ಅರ್ಧಕ್ಕೆ ನಿಂತಿತ್ತೋ ಅದನ್ನು ಮುಗಿಸಿಕೊಡುವುದಕ್ಕೆ ಅರೆಗೆಲಸ ಎನ್ನುತ್ತೇವೆ. ರೊಟ್ಟಿ ಬಡಿದಿದ್ದೇನೆ, ಎಮ್ಮೆ ಕರೆದು ಒದೆ ತಿಂದಿದ್ದೇನೆ. ಕ್ಷೌರದಂಗಡಿಯವರೊಬ್ಬರು ಕತ್ತರಿ ಹಿಡಿದೇ ಕುಸಿದಾಗ ಗಿರಾಕಿಯ ಉಳಿದರ್ಧ ತಲೆಯನ್ನು ನಾನೇ ಮುಗಿಸಿದೆ. ಆ ಮಹಾನುಭಾವರು ಇವತ್ತಿಗೂ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾರೆ. ಒಬ್ಬಾಕೆ ಪಕ್ಕದ ಮನೆಯವರೊಂದಿಗೆ ಕಾಂಪೌಂಡಿನ ವಿಷಯಕ್ಕೆ ಜಗಳವಾಡುತ್ತ ಬಿದ್ದಿದ್ದರು. ಆ ಜಗಳವನ್ನೂ ಅವರ ಪರವಾಗಿ ಮುಗಿಸಿದೆ, ಗೆದ್ದೆ ಕೂಡ.

ಈ ಪದ್ಧತಿ ಹಾಕಿಕೊಟ್ಟವರು ನೀವು. ನಿಮಗೆ ಗೊತ್ತಿಲ್ಲ, ಯಾಕೆಂದರೆ ನೀವು ಹಾಕಿಕೊಡುವುದು ನಾಳೆ, ಅಂದರೆ ಈ ಕಾಗದ ಕೈಸೇರಿದ ಮರುದಿನ. ನಿಮ್ಮ ಗೌರವಕ್ಕಾಗಿ ನಾವೆಲ್ಲ ಅಂಗಿಯನ್ನು ಉಲ್ಟಾ ತೊಡುತ್ತೇವೆ. ಒಳಗಿರುವುದೇ ಹೊರಗೂ ಇರಬೇಕೆಂಬ ನಿಮ್ಮ ಜೀವನತತ್ವವನ್ನು ಅದು ಸಾರುತ್ತದೆ ಎಂದು ಪಂಡಿತರು ಗಂಟೆಗಟ್ಟಲೆ ಭಾಷಣ ಮಾಡುತ್ತಾರೆ. ಗಡಿಬಿಡಿಯಲ್ಲಿ ಹಾಕಿಕೊಂಡಿರಬೇಕು ಎಂದು ನಾನೊಮ್ಮೆ ಬಾಯಿಬಿಟ್ಟು ಎಲ್ಲರಿಂದ ಬೈಸಿಕೊಂಡೆ. ಅಜ್ಜ, ಉಲ್ಟಾ ಅಂಗಿಗೆ ಜೇಬು ಒಳಗೆ, ಗುಂಡಿಯೂ ಒಳಗೆ. ಕತ್ತರಿ ಬೇಕಾದರೆ ನಾಲ್ಕು ಜನರೆದುರು ಕೊರಳಿನಿಂದ ಕೈ ತೂರಿಸಿ ತಡಕಾಡಬೇಕು. ಎಷ್ಟು ಸಂಕೋಚ ಗೊತ್ತೇ!

ಮೊನ್ನೆ ನಮ್ಮ ಗಾಡಿಗಳ ಆಡಳಿತ ನೋಡುವ ಹಿರಿಯಮಂಡಳಿಯಿಂದ ತೋಟಪ್ಪ ಎಂಬ ಅಧಿಕಾರಿ ಬಂದರು. ಎಲ್ಲವನ್ನೂ ನಾಡಿಗ ಮಾಡುವಾಗ ಗಾಡಿಯಲ್ಲಿ ಈ ಹೆಂಗಸಿನ ಭಾರ ಯಾಕೆ ಎಂದು ತೀರ್ಮಾನಿಸಲು ನನ್ನ ಜೊತೆಯೇ ಹೊರಟರು. ಮಂಡಕ್ಕಿ ಭಟ್ಟಿಯಿಂದ ಕರೆ ಬಂದಿತ್ತು. ಎಲ್ಲ ಬದಲಾದರೂ ನಮ್ಮೂರಿನ ಮಂಡಕ್ಕಿ ಬದಲಾಗಿಲ್ಲ. ಇವತ್ತಿಗೂ ಕಾದ ಮರಳಿನಲ್ಲೇ ಅಕ್ಕಿ ಅರಳುತ್ತದೆ. ಭಟ್ಟಿಯ ಒಡತಿ ಕೊಟ್ರಮ್ಮನವರ ಗುಂಡಿಗೆ ಕೈಕೊಡುತ್ತಿತ್ತು, ಆದರೆ ಅವರು ಕಂಬ ತಬ್ಬಿ ಕೂತುಬಿಟ್ಟಿದ್ದರು. ಒಲ್ಲೆ ಎಂದವರನ್ನು ನಾಡಿಗ ಮುಟ್ಟುವಂತಿಲ್ಲ, ಅದು ನಮ್ಮ ಕಾಯಿದೆ. ಆ ಯಂತ್ರ ಜೇನಿನಂಥ ದನಿಯಲ್ಲಿ ಹೃದಯದ ಸ್ಥಿತಿ ವಿವರಿಸಿದರೆ ಕೊಟ್ರಮ್ಮ, “ನಿನ್ನ ಹೃದಯ ಒಲಿಗೆ ಹಾಕು! ನಾಳೆ ಮದುವಿ ಮನಿಗೆ ಮಂಡಕ್ಕಿ ಕೊಡಬೇಕು, ಮರಳು ಕಾದೈತಿ, ನಾ ಬರಂಗಿಲ್ಲ” ಎಂದರು. ತುಟಿ ನೀಲಿಯಾಗುತ್ತಿತ್ತು. “ಅಮ್ಮ, ನೀವು ಹೋಗ್ರಿ, ನಾ ಹುರಿತೀನಿ” ಎಂದೆ. ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅಂಗಿಯ ಮೇಲೆ ಕಣ್ಣು ನಿಂತಿತು. “ಹಾಲೇಶನ ಕಡಿಯಾಕೇನು?” ಎಂದು ಕೇಳಿ ಕಂಬ ಬಿಟ್ಟರು. ನನಗೆ ಅಳುವೇ ಬಂತು.

ಗಾಡಿ ಅವರನ್ನು ಹೊತ್ತು ಹಾರಿತು. ತೋಟಪ್ಪನವರು ವಾಪಸು ಹೋಗಲು ದಾರಿಯಿಲ್ಲದೆ ನನ್ನ ಜೊತೆಯೇ ಉಳಿದು, ಒಲೆಗೆ ಭತ್ತದ ಹೊಟ್ಟು ನೂಕುತ್ತ ಹುಬ್ಬು ಸುಟ್ಟುಕೊಂಡರು. ಕೊಟ್ರಮ್ಮ ನೋಟಪಟದಲ್ಲಿ, ಅಂದರೆ ದೂರದವರ ಮುಖ ಕಾಣುವ ಹಲಗೆಯಲ್ಲಿ, ಆಸ್ಪತ್ರೆ ಮುಟ್ಟುವವರೆಗೂ ನಮ್ಮನ್ನು ಬೈದರು. “ಏ ಹುಬ್ಬಿಲ್ಲದೋನೆ, ಉರಿ ತಗ್ಗಿಸು!” ಎಂದದ್ದು ಹಿರಿಯಮಂಡಳಿಯ ಅಧಿಕಾರಿಗೆ. ಬೈಯುತ್ತ ಎಚ್ಚರವಿದ್ದದ್ದೇ ಒಳ್ಳೆಯದಾಯಿತು ಎಂದು ನಾಡಿಗವೂ ಒಪ್ಪಿತು. ಮಂಡಕ್ಕಿ ಅರ್ಧ ಕಪ್ಪಾಯಿತು, ಕೊಟ್ರಮ್ಮ ಉಳಿದರು, ನನ್ನ ಸೀಟೂ ಉಳಿಯಿತು.

ಈಗ ನಾಳೆಯ ಮಾತು. ನಾಳೆ ಸಂಜೆ ನೀವು ಮಿರ್ಚಿ ಗಾಡಿಯ ಬಸಕ್ಕನನ್ನು ಆಸ್ಪತ್ರೆಗೆ ತಂದು ಸೇರಿಸುತ್ತೀರಿ. ಡ್ಯೂಟಿ ಮುಗಿಸಿ, ಮುಖ ತೊಳೆದು, ಮನೆಗೆ ಹೊರಡಲು ಅಂಗಿ ತೊಡುವ ಹೊತ್ತಿಗೆ ಒಳಗೆ ಗಲಾಟೆ ಕೇಳುತ್ತದೆ. ಕಲಸಿದ ಹಿಟ್ಟು ಹಾಳಾಗುತ್ತದೆ, ಗಿರಾಕಿಗಳು ಕಾಯುತ್ತಿದ್ದಾರೆ ಎಂದು ಬಸಕ್ಕ ಗ್ಲೂಕೋಸಿನ ನಳಿಕೆ ಕಿತ್ತು ಮಂಚದಿಂದ ಕಾಲು ಇಳಿಬಿಟ್ಟಿರುತ್ತಾಳೆ. ಇದು ನಿಮ್ಮ ಕೆಲಸವಲ್ಲ ಎಂದು ಎಲ್ಲರೂ ಹೇಳುತ್ತಾರೆ. ನಿಜ, ಅಲ್ಲ. ನಿಮಗೆ ಹಸಿವಾಗಿರುತ್ತದೆ, ಸೊಂಟ ನೋಯುತ್ತಿರುತ್ತದೆ. ಆದರೂ ಹೋಗಿ ಅಜ್ಜ, ಆ ಮಿರ್ಚಿ ಕರಿದುಕೊಡಿ. ನಿಮ್ಮ ಮೊದಲ ಒಬ್ಬೆ ಸೀದು ಇದ್ದಲಾಗುತ್ತದೆ, ಗಿರಾಕಿಗಳು ಬಾಯಿಗೆ ಬಂದಂತೆ ಅನ್ನುತ್ತಾರೆ. ಬಸಕ್ಕ ಮಾತ್ರ ಗಟ್ಟಿಯಾಗಿ ಗಾಡಿಗೆ ಮರಳಿ, ತನ್ನ ಜೀವಮಾನವೆಲ್ಲ ಮಿರ್ಚಿ ಕೊಡುತ್ತ ಬಂದಬಂದವರಿಗೆ ನಿಮ್ಮ ಕತೆ ಹೇಳುತ್ತಾಳೆ. ನಮಗೆ ಗೊತ್ತಾಗಿದ್ದು ಹಾಗೆ.

ನಾನು ಈ ಕಾಗದ ಬರೆಯಲು ಕೂತದ್ದು ಒಂದೇ ಕೋರಿಕೆಗಾಗಿ: ನಾಳೆ ದಯವಿಟ್ಟು ಅಂಗಿಯನ್ನು ಸರಿಯಾಗಿ ಹಾಕಿಕೊಳ್ಳಿ, ಇನ್ನೂರೈವತ್ತಕ್ಕೂ ಹೆಚ್ಚು ವರ್ಷಗಳ ನಮ್ಮ ಮಾನ ಉಳಿಯುತ್ತದೆ. ಆದರೆ ಬರೆಯುತ್ತ ಬರೆಯುತ್ತ ಹೆದರಿಕೆಯಾಗುತ್ತಿದೆ. ನೀವು ಅಂಗಿ ಬಿಚ್ಚಿ, ತಿರುಗಿಸಿ, ಗುಂಡಿ ಹಾಕುತ್ತ ನಿಂತರೆ ಅಷ್ಟರಲ್ಲಿ ಬಸಕ್ಕ ಬಾಗಿಲು ದಾಟಿಬಿಟ್ಟಾಳು. ಆಕೆ ಗಾಡಿ ಮುಟ್ಟುವುದಿಲ್ಲ, ದಾರಿಯಲ್ಲೇ ಬೀಳುತ್ತಾಳೆ. ಕತೆ ಹೇಳುವವರು ಇರುವುದಿಲ್ಲ. ಇಲ್ಲಿ ಕೊಟ್ರಮ್ಮ ಕಂಬ ಬಿಡುವುದಿಲ್ಲ.

ಬೇಡ ಅಜ್ಜ. ಹೇಗಿದ್ದೀರೋ ಹಾಗೆಯೇ ಓಡಿ. ಗುಂಡಿಯ ಕಷ್ಟ ನಾವು ನೋಡಿಕೊಳ್ಳುತ್ತೇವೆ.

ನಿಮ್ಮ ಕಡೆಯವಳು,
ಶಿವಗಂಗಾ